ಎಂಟು ದಿನದೊಳಗೆ ಇಷ್ಟವಾಗದಿದ್ದರೆ

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಕ್ಕಿ ಮಾರಿದವನ ಹಿಂದೆ ಅಕ್ಕಿ ಬರುವುದಿಲ್ಲ. "ಓದಿ, ಚೆನ್ನಾಗಿದೆ" ಎಂದು ಪುಸ್ತಕ ಕೊಟ್ಟವಳ ಹಿಂದೆ ಮಾತ್ರ ಪುಸ್ತಕ ವಾಪಸ್ ಬರುತ್ತದೆ, ಓದಿದವರು ಬರುತ್ತಾರೆ, ಕೆಲವೊಮ್ಮೆ ಬರಬಾರದವರೂ ಬರುತ್ತಾರೆ.

ನಾನು ಕೆಲಸ ಮಾಡುವುದು ಮಂಗಳೂರಿನ ಒಂದು ಹಳೆಯ ಅಂಗಡಿಯಲ್ಲಿ. ಮುಂದಿನ ಅರ್ಧದಲ್ಲಿ ನೋಟ್‌ಬುಕ್ಕು, ಪೆನ್ನು, ಕಂಪಾಸ್ ಪೆಟ್ಟಿಗೆ. ಅದು ಮಾಲೀಕರಾದ ಹಾಜಿಯವರ ರಾಜ್ಯ. ಅವರದ್ದು ಮೂರು ತಲೆಮಾರಿನಿಂದ ವ್ಯಾಪಾರದ ಮನೆತನ, ತಮ್ಮಂದಿರಿಬ್ಬರು ದುಬೈಯಲ್ಲಿದ್ದಾರೆ. ಹಿಂದಿನ ಅರ್ಧದಲ್ಲಿ, ಹಗಲಲ್ಲೂ ಟ್ಯೂಬ್‌ಲೈಟ್ ಹಾಕದೆ ಅಕ್ಷರ ಕಾಣದ ಜಾಗದಲ್ಲಿ, ಒಂದು ದೊಡ್ಡ ಕಪಾಟು. ಅದರಲ್ಲಿ ಇತ್ತೀಚೆಗೆ ಬಂದ ಕಾದಂಬರಿಗಳು, ಆತ್ಮಕಥೆಗಳು, ವಿಜ್ಞಾನ, ಪ್ರವಾಸ, ಹಕ್ಕಿ, ಹುಳು, ಎಲ್ಲ ಇವೆ. ಅದು ನನ್ನ ರಾಜ್ಯ. ನಾನು ಯಾವತ್ತೂ ಪಾಠ ಮಾಡಿದವಳಲ್ಲ. ಆದರೂ ನನ್ನ ಕನ್ನಡಕ ಮತ್ತು ಗದರುವ ಅಭ್ಯಾಸ ನೋಡಿ ಹಾಜಿಯವರು "ಟೀಚರ್" ಎಂದು ಕರೆಯತೊಡಗಿದರು, ಊರೂ ಹಾಗೇ ಕರೆಯಿತು.

ನನ್ನದೊಂದು ಕ್ರಮ ಉಂಟು. ಹೊಸ ಪುಸ್ತಕ ಬಂದರೆ ಮೊದಲು ನಾನು ಓದುತ್ತೇನೆ, ಮನೆಯಿರುವ ಶಕ್ತಿನಗರದಿಂದ ಬರುವ ಬಸ್ಸಿನಲ್ಲಿ ಅರ್ಧ, ಹೋಗುವ ಬಸ್ಸಿನಲ್ಲಿ ಅರ್ಧ. ಇಷ್ಟವಾದರೆ ಬಿಳಿ ಕಾರ್ಡೊಂದರಲ್ಲಿ ಮೂರು ಸಾಲು ಬರೆದು ಅದರೊಳಗೆ ಇಡುತ್ತೇನೆ. ಯಾರು ಓದಬೇಕು, ಯಾಕೆ ಓದಬೇಕು, ಯಾವಾಗ ಓದಬಾರದು. ಕೆಳಗೆ ಇನ್ನೊಂದು ವಾಕ್ಯ: "ಎಂಟು ದಿನದೊಳಗೆ ಇಷ್ಟವಾಗದಿದ್ದರೆ ತನ್ನಿ, ಬದಲಿಸಿ ಕೊಡುತ್ತೇನೆ." ಬರೆದಾಗ ಬಹಳ ಹೆಮ್ಮೆಯಿಂದ ಬರೆದಿದ್ದೆ. ಈ ಒಂದು ವಾಕ್ಯದಿಂದ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ.

೧. ಕಾವೂರಿನ ಕರೆಗಂಟೆ

ಕಾವೂರು ಕೆರೆಯ ಹತ್ತಿರದ ಒಬ್ಬ ಹೆಂಗಸು "ಚಳಿ ಹುಟ್ಟಿಸುವಂಥದ್ದು ಎಂತಾದ್ರೂ ಕೊಡಿ" ಎಂದು ಕೇಳಿದರು. ಆಗಷ್ಟೇ ಒಂದು ಹೊಸ ಕಾದಂಬರಿ ಬಂದಿತ್ತು. ಒಂದು ಮನೆಯ ಗಂಟೆ ಬಾರಿಸುತ್ತದೆ, ಬಾಗಿಲು ತೆರೆದರೆ ಯಾರೂ ಇಲ್ಲ, ತಿರುಗಿ ನೋಡಿದರೆ ಗೋಡೆಯ ಮೇಲಿನ ಫೋಟೋದಿಂದ ಒಬ್ಬರು ಕಾಣೆಯಾಗಿರುತ್ತಾರೆ. "ಮನೆಯಲ್ಲಿ ಒಬ್ಬರೇ ಇರುವಾಗ ಓದಬಾರದು" ಎಂದು ಕಾರ್ಡಿನಲ್ಲಿ ಬರೆದೆ. ಹಾಗೆ ಬರೆದರೆ ಜನ ಒಬ್ಬರೇ ಇರುವಾಗಲೇ ಓದುತ್ತಾರೆ.

ನಾಲ್ಕನೆಯ ದಿನ ಮಧ್ಯಾಹ್ನ ಫೋನ್ ಬಂತು. ಸ್ವರ ಪಿಸುಗುಟ್ಟುತ್ತಿತ್ತು.

"ಟೀಚರ್, ಬೆಲ್ ಆಗ್ತಾ ಉಂಟು."

"ಹೌದಲ್ಲ, ಆ ಕಥೆಯೇ ಹಾಗೆ."

"ಕಥೆಯಲ್ಲಿ ಅಲ್ಲ ಮಾರಾಯ್ರೆ, ನಮ್ಮ ಮನೆಯಲ್ಲಿ! ನಾನು ಓದಿದರೆ ಆಗ್ತದೆ, ನಿಲ್ಲಿಸಿದರೆ ನಿಲ್ತದೆ. ಹೋಗಿ ನೋಡಿದರೆ ಯಾರೂ ಇಲ್ಲ."

ನಾನು ಕೊಟ್ಟ ಪುಸ್ತಕ, ನಾನೇ ಹೋಗಬೇಕಾಯಿತು. ಮಳೆ ಹಿಡಿದು ಮೂರು ಗಂಟೆಗೇ ಮನೆಯೊಳಗೆ ಕತ್ತಲು ಕವಿದಿತ್ತು. "ಓದಿ ನೋಡುವ" ಎಂದೆ. ಅವರು ಸೋಫಾದಲ್ಲಿ ಕೂತು ತುಟಿ ಅಲ್ಲಾಡಿಸುತ್ತಾ ಓದತೊಡಗಿದರು. ಎರಡು ಪುಟ ಸುಮ್ಮನಿತ್ತು. ಮೂರನೆಯ ಪುಟಕ್ಕೆ ಗಂಟೆ ಬಾರಿಸಿತು. ಓಡಿ ಹೋಗಿ ಬಾಗಿಲು ತೆರೆದೆ. ಗೇಟು ಮುಚ್ಚಿತ್ತು, ಒದ್ದೆ ಮೆಟ್ಟಿಲಿನ ಮೇಲೆ ಒಂದು ಹೆಜ್ಜೆ ಗುರುತಿಲ್ಲ. ಸತ್ಯ ಹೇಳುತ್ತೇನೆ, ಗೋಡೆಯ ಮೇಲಿದ್ದ ಅವರ ಮದುವೆ ಫೋಟೋದಲ್ಲಿ ಎಷ್ಟು ಜನ ಇದ್ದಾರೆಂದು ನಾನು ಲೆಕ್ಕ ಹಾಕಿದೆ.

ಮತ್ತೆ ಓದಿಸಿದೆ. ಈ ಸಲ ಬಾಗಿಲನ್ನು ನೋಡದೆ ಅವರ ಕೈಯನ್ನೇ ನೋಡುತ್ತಾ ನಿಂತೆ. ಹೆದರಿಕೆಯ ಜಾಗ ಬಂದಾಗ ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದರು, ಗಂಟೆ ಬಾರಿಸಿತು. ಪುಸ್ತಕ ಇಸಕೊಂಡು ಕೊಡವಿದೆ. ಕೊನೆಯ ಪುಟಗಳ ನಡುವಿನಿಂದ ಚಪ್ಪಟೆಯಾದ ಒಂದು ಬಿಳಿ ವಸ್ತು ಬಿತ್ತು. ಗೇಟಿನ ಹತ್ತಿರ ಅಂಟಿಸುವ, ವಯರ್ ಇಲ್ಲದ ಕರೆಗಂಟೆಯ ಗುಂಡಿ. ಮಳೆಗೆ ಅಂಟು ಬಿಟ್ಟು ಉದುರಿದ್ದನ್ನು ಗಂಡ ತಂದು ಮೇಜಿನ ಮೇಲೆ ಇಟ್ಟಿದ್ದರು. ಎಂತದೆಂದು ಗೊತ್ತಿಲ್ಲದೆ ಇವರು ಅದನ್ನು ಪುಟದ ಗುರುತಿಗೆ ಇಟ್ಟುಕೊಂಡು, ಓದುವಾಗ ಕೊನೆಯಲ್ಲಿ ಸಿಕ್ಕಿಸಿಡುತ್ತಿದ್ದರು.

ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಗುಂಡಿಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ ಹೇಳಿದರು: "ಹಾಗಾದ್ರೆ ಪುಸ್ತಕದಲ್ಲಿ ಹೆದರುವಂಥದ್ದು ಎಂತದೂ ಇಲ್ಲವಾ? ಎಂಟು ದಿನ ಆಗ್ಲಿಲ್ಲ ಅಲ್ವಾ, ಬದಲಿಸಿ ಕೊಡಿ."

೨. ಉಪ್ಪು ಕಮ್ಮಿ

ವಾಪಸ್ ತರುವವರಲ್ಲಿ ಎಲ್ಲರಿಗಿಂತ ದೊಡ್ಡವರು ತಾಂಡೇಲರು. ತಾಂಡೇಲ ಎಂದರೆ ಮೀನಿನ ದೋಣಿ ನಡೆಸುವ ಮುಖ್ಯಸ್ಥ. ನಲವತ್ತು ವರ್ಷ ಕಡಲಿಗೆ ಹೋಗಿ, ಮೊಣಕಾಲು ಸೋತ ಮೇಲೆ ಬೆಂಗ್ರೆಯ ಮನೆಯಲ್ಲಿ ಕೂತು ಪುಸ್ತಕ ಹಿಡಿದವರು. ಪ್ರತಿ ಎಂಟನೆಯ ದಿನ ಫೆರಿಯಲ್ಲಿ ಹೊಳೆ ದಾಟಿ ಬಂದು, ಕೊಂಡುಹೋದ ಪುಸ್ತಕವನ್ನು ಬೋರಲಾಗಿ ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಮಾತಿಲ್ಲ. ತೀರ್ಪು ನನ್ನ ಕಾರ್ಡಿನಲ್ಲೇ ಇರುತ್ತಿತ್ತು. ಕಿವಿಗೆ ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿದ್ದ ಬಡಗಿಗಳ ದಪ್ಪ ಪೆನ್ಸಿಲಿನಿಂದ, ಹಗ್ಗದ ಗಂಟಿನಷ್ಟು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು.

ನಗರದ ಒಂಟಿತನದ ಬಗ್ಗೆ ಬಂದ ಕಾದಂಬರಿಗೆ: "ಉಪ್ಪು ಕಮ್ಮಿ."

ಎಲ್ಲರೂ ಹೊಗಳಿದ ಆರುನೂರು ಪುಟದ ಕಾದಂಬರಿಗೆ: "ಬಲೆ ದೊಡ್ಡದು. ಸಿಕ್ಕಿದ್ದು ನಾಲ್ಕು ಬೊಳಂಜೀರ್ ಮೀನು."

ಒಬ್ಬ ದೊಡ್ಡ ಮನುಷ್ಯರ ಆತ್ಮಕಥೆಗೆ: "ಐಸಿನಲ್ಲಿಟ್ಟದ್ದು. ತಾಜಾ ಅಂತ ಮಾರಬೇಡಿ."

ಹನ್ನೊಂದು ವರ್ಷದಲ್ಲಿ ಒಂದೇ ಒಂದು ಪುಸ್ತಕವನ್ನು ಅವರು ಇಟ್ಟುಕೊಳ್ಳಲಿಲ್ಲ. ಬೇರೆಯವರು ಹೀಗೆ ಮಾಡಿದರೆ ಬೈದು ಕಳಿಸುತ್ತಿದ್ದೆ. ಇವರಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅವರು ಬರೆದದ್ದು ಸರಿ ಇರುತ್ತಿತ್ತು. ಅವರ ಬಾಯಿಂದ ಒಂದು ಸಲ "ಇದು ಇರಲಿ" ಎಂದು ಕೇಳಬೇಕೆಂದು ನನಗೆ ಹಟ ಹಿಡಿದಿತ್ತು.

ಹಾಜಿಯವರಿಗೆ ಈ ವಿಷಯ ಅಸ್ತ್ರವಾಯಿತು. ಅವರಿಗೆ ನನ್ನ ಕಪಾಟಿನ ಜಾಗದಲ್ಲಿ ಟಿಫಿನ್ ಡಬ್ಬ, ನೀರಿನ ಬಾಟ್ಲಿ ಇಡುವ ಆಸೆ.

"ಟೀಚರೇ, ಟಿಫಿನ್ ಡಬ್ಬವನ್ನು ಯಾರೂ 'ಕೊನೆ ಸರಿ ಇಲ್ಲ' ಅಂತ ವಾಪಸ್ ತರುವುದಿಲ್ಲ."

"ಹಾಜಿಯವರೇ, ಒಳ್ಳೆ ಪುಸ್ತಕ ಕೊಟ್ಟರೆ ಯಾರೂ ತರುವುದಿಲ್ಲ."

"ಹಾಗಾದ್ರೆ ಒಂದು ಮಾತು. ದೀಪಾವಳಿಗೆ ಮೊದಲು ತಾಂಡೇಲರು ಒಂದು ಪುಸ್ತಕ ಇಟ್ಟುಕೊಳ್ಳಲಿ. ನಿಮ್ಮ ಕಪಾಟು ನಾನಿರುವವರೆಗೆ ಮುಟ್ಟುವುದಿಲ್ಲ. ಇಲ್ಲದಿದ್ರೆ ಡಬ್ಬ."

ನನಗೆ ರೋಷ ಬಂತು, ಒಪ್ಪಿಕೊಂಡೆ. ಹೊರಗೆ ಬಂದರೆ ತಾಂಡೇಲರು ಬಾಗಿಲಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದಾರೆ. ಕೈಯಲ್ಲಿದ್ದ ಪುಸ್ತಕದಿಂದ ಕಾರ್ಡು ತೆಗೆದು ತೀರ್ಪಿನ ಕೆಳಗೆ ಇನ್ನೊಂದು ಸಾಲು ಬರೆದು ಹೋದರು: "ಡಬ್ಬ ಸ್ಟೀಲಿನದ್ದೇ ತರಿಸಿ."

೩. ಹೆಲ್ಮೆಟ್ ತೆಗೆಯದವರು

ಪಡೀಲಿನಿಂದ ಒಬ್ಬರು ಬರುತ್ತಿದ್ದರು. ಅವರಿಗೆ ಕಥೆ ಕಾದಂಬರಿ ಆಗುವುದಿಲ್ಲ, "ನಿಜ ಇರುವಂಥದ್ದು" ಬೇಕು. ಕಾಗೆಗಳ ಬಗ್ಗೆ ಬಂದ ಹೊಸ ಪುಸ್ತಕ ಕೊಟ್ಟೆ. ಕಾಗೆ ಮನುಷ್ಯರ ಮುಖ ಗುರುತಿಡುತ್ತದೆ, ತೊಂದರೆ ಕೊಟ್ಟವರನ್ನು ಮರೆಯುವುದಿಲ್ಲ, ಬೇರೆ ಕಾಗೆಗಳಿಗೂ ತೋರಿಸಿಕೊಡುತ್ತದೆ ಎಂದೆಲ್ಲ ಅದರಲ್ಲಿತ್ತು. "ನಿಮ್ಮ ಕಿಟಕಿಗೆ ಬರುವ ಕಾಗೆಗೆ ನಿಮ್ಮ ಬಗ್ಗೆ ಏನೆಲ್ಲ ಗೊತ್ತು ಎಂದು ತಿಳಿಯಬೇಕಾದವರು ಓದಿ" ಎಂದು ಕಾರ್ಡಿನಲ್ಲಿ ಬರೆದಿದ್ದೆ. ಅವರು ಹೋದ ವರ್ಷ ಟಿವಿಯ ಡಿಶ್ ಸರಿ ಮಾಡುವಾಗ ಕಾಗೆಯ ಗೂಡು ಕಿತ್ತು ಬಿಸಾಡಿದ್ದರೆಂದು ನನಗೆ ಹೇಗೆ ಗೊತ್ತಿರಬೇಕು?

ಐದನೆಯ ದಿನ ಬಂದರು. ಹೆಲ್ಮೆಟ್ ಹಾಕಿಕೊಂಡೇ ಅಂಗಡಿಯೊಳಗೆ ನುಗ್ಗಿದರು, ಗ್ಲಾಸೂ ಇಳಿಸಿತ್ತು. ಹಾಜಿಯವರು ದರೋಡೆಯೆಂದು ತಿಳಿದು ಎರಡೂ ಕೈ ಮೇಲೆತ್ತಿದರು.

"ನಾನು, ನಾನು! ಹೊರಗೆ ಉಂಟಾ ನೋಡಿ."

"ಎಂತ ಉಂಟಾ?"

"ಅದು. ಪಡೀಲಿನಿಂದ ಹಿಂದೆಯೇ ಬಂದಿದೆ."

ನಾನು ಹೊರಗೆ ಇಣುಕಿದೆ. ಎದುರಿನ ಕರೆಂಟು ಕಂಬದ ಮೇಲೆ ಒಂದು ಕಾಗೆ ಕೂತಿತ್ತು. ಮಂಗಳೂರಿನಲ್ಲಿ ಕಾಗೆ ಇಲ್ಲದ ಕಂಬ ಯಾವುದು ಎಂದು ಧೈರ್ಯ ಹೇಳಲು ಹೊರಟವಳು ಸುಮ್ಮನಾದೆ. ಉಳಿದ ಕಾಗೆಗಳು ಅತ್ತ ಇತ್ತ ನೋಡುತ್ತವೆ, ಕೊಕ್ಕು ತಿಕ್ಕುತ್ತವೆ. ಇದು ಅಲುಗಾಡದೆ ನಮ್ಮ ಬಾಗಿಲನ್ನೇ ನೋಡುತ್ತಿತ್ತು. ಅವರು ನಾಲ್ಕು ದಿನದಿಂದ ಊಟಕ್ಕೂ ಹೆಲ್ಮೆಟ್ ತೆಗೆದಿಲ್ಲವಂತೆ. ಹೆಂಡತಿ ಗ್ಲಾಸು ಎತ್ತಿ ತುತ್ತು ಕೊಡುತ್ತಾರಂತೆ.

"ಪುಸ್ತಕ ನೀವೇ ಇಟ್ಟುಕೊಳ್ಳಿ. ನನಗೆ ಅಡುಗೆಯದ್ದು ಎಂತಾದ್ರೂ ಕೊಡಿ, ಸಾಕು."

ಹಾಜಿಯವರು ನಗುನಗುತ್ತಾ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಅವರನ್ನು ಬೀಳ್ಕೊಡಲು ರಸ್ತೆಯವರೆಗೆ ಹೋದರು. ಸ್ಕೂಟರ್ ಹೋಯಿತು. ಕಾಗೆ ಹೋಗಲಿಲ್ಲ. ಹಾಜಿಯವರ ಕೈಯಲ್ಲಿದ್ದ ಪುಸ್ತಕವನ್ನು ನೋಡಿತು, ಆಮೇಲೆ ಅವರ ಮುಖವನ್ನು ಸಾವಕಾಶವಾಗಿ ನೋಡಿತು. ಮರುದಿನದಿಂದ ನಮ್ಮ ಬೋರ್ಡಿನ ಮೇಲೆ ಒಂದು ಕಾಗೆ, ಮಳೆ ಬಿಸಿಲು ಎರಡೂ ಇಲ್ಲದಾಗಲೂ ಹಾಜಿಯವರ ಕೈಯಲ್ಲಿ ಬಿಡಿಸಿದ ಕೊಡೆ.

ಅದೇ ಪುಸ್ತಕವನ್ನು ತಾಂಡೇಲರಿಗೆ ಕೊಟ್ಟೆ. ಎಂಟನೆಯ ದಿನ ಬೋರಲಾಗಿ ಬಂತು: "ಕಾಗೆಗೆ ಗೊತ್ತಿರುವಷ್ಟು ಬರೆದವನಿಗೆ ಗೊತ್ತಿಲ್ಲ."

೪. ಒಂಬತ್ತನೆಯ ದಿನ

ಮೇ ಕೊನೆಗೆ ನನ್ನ ಕೈಗೊಂದು ಕಾದಂಬರಿ ಬಂತು. ಬಂದರಿನ ಹತ್ತಿರ ಮುಚ್ಚಿಹೋದ ಒಂದು ಐಸ್ ಕಾರ್ಖಾನೆ. ಯಂತ್ರ ಇಲ್ಲ, ಜನ ಇಲ್ಲ, ಆದರೂ ಒಳಗಿನಿಂದ ಐಸ್ ಒಡೆಯುವ ಶಬ್ದ ಕೇಳುತ್ತದೆ. ಒಳಗಿರುವವರು ಯಾರೆಂದು ಕೊನೆಯ ಪುಟದವರೆಗೆ ತಿಳಿಯುವುದಿಲ್ಲ. ಓದುತ್ತಾ ಕೂತು ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋದೆ. ಸಿಕ್ಕಿತು ಎಂದುಕೊಂಡೆ. ಕಾರ್ಡಿನಲ್ಲಿ ಈ ಸಲ ಒಂದೇ ಸಾಲು ಬರೆದೆ: "ತಾಂಡೇಲರೇ, ಇದನ್ನು ವಾಪಸ್ ತಂದು ನೋಡಿ."

ಎಂಟನೆಯ ದಿನ ಅವರು ಬರಲಿಲ್ಲ. ನಾನು ಸಂಜೆಯವರೆಗೆ ಬಾಗಿಲು ನೋಡಿದೆ. ಅಂಗಡಿ ಮುಚ್ಚುವಾಗ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

"ಹಾಜಿಯವರೇ, ಎಂಟು ದಿನ ಮುಗಿಯಿತು. ಇಟ್ಟುಕೊಂಡ್ರು!"

ಹಾಜಿಯವರು ಸೋತ ಮುಖದಲ್ಲಿ ಎರಡು ಗೋಳಿಬಜೆ ಪ್ಲೇಟು, ಚಾ ತರಿಸಿದರು. ಕಪಾಟಿಗೆ ಹೊಸ ಟ್ಯೂಬ್‌ಲೈಟ್ ಹಾಕಿಸಿಕೊಡುತ್ತೇನೆಂದೂ ಹೇಳಿದರು. ನಾನು ಅವರ ಪಾಲಿನ ಗೋಳಿಬಜೆಯನ್ನೂ ತಿಂದೆ.

ಒಂಬತ್ತನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ತಾಂಡೇಲರ ಸೊಸೆ. ಬೆಳಗ್ಗೆ ಬಂದರಿನಲ್ಲಿ ಮೀನು ಮಾರುವವಳು, ಮಾವನ ಜೊತೆ ಒಂದೆರಡು ಸಲ ಬಂದದ್ದು ನೋಡಿದ್ದೆ.

"ಟೀಚರಕ್ಕ, ಮಾವ ಹೋಗಿಬಿಟ್ರು. ಪುಸ್ತಕ ಕೊಂಡುಹೋದ ಮೂರನೇ ದಿನ. ಚಾವಡಿಯಲ್ಲಿ ಕೂತು ಓದ್ತಾ ಇದ್ರು. ಅವರಿಗೆ ಗಟ್ಟಿಯಾಗಿ ಓದುವ ಅಭ್ಯಾಸ, ನಾನು ಒಳಗೆ ಕೆಲಸ ಮಾಡ್ತಾ ಕೇಳುವುದು. ಸ್ವರ ನಿಂತಿತು. ಚಾ ಬೇಕಾ ಅಂತ ಕೇಳಿದೆ..."

ಪುಸ್ತಕ ಇನ್ನೂರ ಹನ್ನೆರಡನೆಯ ಪುಟದಲ್ಲಿ ತೆರೆದೇ ಇತ್ತಂತೆ. ಕಿವಿಯ ಪೆನ್ಸಿಲು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ, ಅವರ ಜೊತೆಗೇ ಚಿತೆಗೆ ಹೋಯಿತಂತೆ. ಅವಳು ಅತ್ತಳು, ನಾನೂ ಅತ್ತೆ. ಹನ್ನೊಂದು ವರ್ಷ ನನ್ನನ್ನು ಸೋಲಿಸಿದ ಮನುಷ್ಯ. ಪುಸ್ತಕ ವಾಪಸ್ ಕೊಡಲು ಬಂದವಳಿಗೆ, ಬೇಡ, ನಿಮ್ಮಲ್ಲೇ ಇರಲಿ ಎಂದೆ.

ಅವಳು ಹೋದ ಮೇಲೆ ಹಾಜಿಯವರು ಕಣ್ಣೊರೆಸಿಕೊಂಡು, ಗೌರವದಿಂದಲೇ, ಮೆಲ್ಲಗೆ ಹೇಳಿದರು: "ಟೀಚರೇ, ತಪ್ಪು ತಿಳ್ಕೊಳ್ಬೇಡಿ. ಇದನ್ನು 'ಇಟ್ಟುಕೊಂಡ್ರು' ಅಂತ ಲೆಕ್ಕ ಹಿಡಿಲಿಕ್ಕೆ ಆಗುವುದಿಲ್ಲ."

೫. ಎಲೆಯ ಪಕ್ಕದ ಪುಸ್ತಕ

ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮಲ್ಲಿ ತೀರಿಹೋದವರಿಗೆ ಅಗೆಲು ಬಡಿಸುವ ಕ್ರಮ ಉಂಟು. ಅವರಿಗೆ ಬೇಕಾದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಬಂದವರು ಉಣ್ಣಲಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು.

ತಾಂಡೇಲರ ಸೊಸೆ ಮತ್ತೆ ಬಂದಳು.

"ಟೀಚರಕ್ಕ, ಮಾವನಿಗೆ ಕೋಳಿ ಉಂಟು, ಬಂಗುಡೆ ಉಂಟು, ಕಳ್ಳು ಉಂಟು. ಆದ್ರೂ ಕನಸಲ್ಲಿ ಬಂದು ಖಾಲಿ ಕೈ ತೋರಿಸ್ತಾರೆ. ಹೊಸದು ಯಾವುದಾದ್ರೂ ಪುಸ್ತಕ ಹೇಳಿ."

ನನ್ನ ಕೆಲಸದಲ್ಲಿ ನಾನು ಎಲ್ಲ ನಮೂನೆಯವರಿಗೂ ಪುಸ್ತಕ ಹೇಳಿದ್ದೇನೆ. ಈ ನಮೂನೆಯವರಿಗೆ ಮೊದಲ ಸಲ. ಅಭ್ಯಾಸಬಲದಿಂದ "ಅವರಿಗೆ ಈಗ ಎಂತದು ಇಷ್ಟ?" ಎಂದು ಕೇಳಿಯೂ ಬಿಟ್ಟೆ. ಆಮೇಲೆ ಯೋಚಿಸಿ ಹೇಳಿದೆ, ಹೊಸದು ಬೇಡ, ಅರ್ಧಕ್ಕೆ ಬಿಟ್ಟದ್ದನ್ನೇ ಇಡಿ ಎಂದು. ಅವಳ ಮುಖ ಅರಳಿತು. ಅವಳಿಗೂ ಆ ಕಾರ್ಖಾನೆಯೊಳಗೆ ಯಾರಿದ್ದಾರೆಂದು ಗೊತ್ತಿರಲಿಲ್ಲ. ಮಾವ ಓದಿ ಮುಗಿಸದೆ ತಾನು ಮುಂದೆ ಓದಬಾರದೆಂದು ಪುಸ್ತಕ ಮುಟ್ಟದೆ ಇಟ್ಟಿದ್ದಳು.

ನಮ್ಮನ್ನೂ ಕರೆದಳು. ಸಂಜೆ ಫೆರಿಯಲ್ಲಿ ನಾನೂ ಹಾಜಿಯವರೂ ಹೊಳೆ ದಾಟಿದೆವು. ಮೋಡ ಕವಿದು ನೀರೂ ಆಕಾಶವೂ ಒಂದೇ ಬಣ್ಣವಾಗಿತ್ತು. ಎಲೆಯ ಪಕ್ಕದಲ್ಲಿ ಮಣೆ, ಮಣೆಯ ಮೇಲೆ ಇನ್ನೂರ ಹನ್ನೆರಡನೆಯ ಪುಟಕ್ಕೆ ತೆರೆದ ಪುಸ್ತಕ, ಪುಟದ ಮೇಲೆ ಅವರ ಕನ್ನಡಕ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ ಎಲ್ಲರೂ ಹೊರಗೆ ಬಂದೆವು. ಅಂಗಳದಲ್ಲಿ ಕಡಲಿನ ಶಬ್ದ ಮಾತ್ರ. ಅದರ ನಡುವೆ ನನಗೆ ಒಳಗಿನಿಂದ ಪುಟ ಮಗುಚುವ ಸದ್ದು ಕೇಳಿದ ಹಾಗಾಯಿತು. ಹಾಜಿಯವರ ಕಡೆ ನೋಡಿದೆ. ಅವರು ಕೊಡೆ ಬಿಡಿಸಿಕೊಂಡರು.

ಬಾಗಿಲು ತಟ್ಟಿ ಒಳಗೆ ಹೋದಾಗ ಪುಸ್ತಕ ಮುಚ್ಚಿತ್ತು. ಮುಚ್ಚಿದ್ದು ಮಾತ್ರ ಅಲ್ಲ, ಬೋರಲಾಗಿತ್ತು. ನನ್ನ ಮೇಜಿನ ಮೇಲೆ ಅವರು ಇಡುತ್ತಿದ್ದ ಹಾಗೆಯೇ. ಕನ್ನಡಕ ಪಕ್ಕದಲ್ಲಿ ಮಡಚಿಟ್ಟಿತ್ತು.

"ಬೆಕ್ಕು ಬಂದಿರಬೇಕು" ಎಂದ ಸೊಸೆಯ ಗಂಡ.

ಎಲ್ಲರೂ ಎಲೆಯ ಕಡೆ ನೋಡಿದರು. ಬಂಗುಡೆ ಇಟ್ಟ ಹಾಗೇ ಇತ್ತು. ಸೊಸೆ ಹೇಳಿದಳು: "ಬಂಗುಡೆ ಬಿಟ್ಟು ಕಾದಂಬರಿ ಓದುವ ಬೆಕ್ಕು ಬೆಂಗ್ರೆಯಲ್ಲಿ ಎಲ್ಲಿ ಉಂಟು?"

೬. ಬದಲಿ

ಅಗೆಲು ಕಳೆದ ಎಂಟನೆಯ ದಿನ ಆ ಪುಸ್ತಕ ನನ್ನ ಮೇಜಿಗೆ ಬಂತು. "ಮಾವ ಬದಲಿಸಿ ತರ್ಲಿಕ್ಕೆ ಹೇಳಿದ್ದಾರೆ" ಎಂದಳು ಸೊಸೆ, ಎತ್ತಲೋ ನೋಡುತ್ತಾ. ಕಾರ್ಡು ತೆಗೆದೆ. ನನ್ನ ಸಾಲಿನ ಕೆಳಗೆ ದಪ್ಪ ಪೆನ್ಸಿಲಿನಲ್ಲಿ, ಹಗ್ಗದ ಗಂಟಿನಂಥ ಅಕ್ಷರದಲ್ಲಿ: "ಒಳಗಿದ್ದದ್ದು ಯಾರೆಂದು ಇಲ್ಲಿಗೆ ಬಂದ ಕೂಡಲೇ ಗೊತ್ತಾಯಿತು. ಬದಲಿಸಿ."

ಹಾಜಿಯವರು ಅದನ್ನು ಮೂರು ಸಲ ಓದಿದರು. ಬೆವರಿದರು. ಆದರೂ ವ್ಯಾಪಾರಸ್ಥರ ರಕ್ತ ನೋಡಿ, "ಟೀಚರೇ, ಸತ್ತ ಮೇಲೂ ಇಟ್ಟುಕೊಳ್ಳಲಿಲ್ಲ! ಡಬ್ಬಕ್ಕೆ ಆರ್ಡರ್ ಕೊಡ್ತೇನೆ" ಎಂದರು.

ನಾನು ಬಿಡುವವಳಾ? ಬೇರೆ ಪುಸ್ತಕ ಕೊಟ್ಟೆ. ಎಂಟನೆಯ ದಿನ ವಾಪಸ್: "ಬೇಯಲಿಲ್ಲ." ಇನ್ನೊಂದು ಕೊಟ್ಟೆ, ಹಿಮಾಲಯ ಹತ್ತಿದವರೊಬ್ಬರ ಅನುಭವ. "ಇಷ್ಟು ಮೇಲೆ ಬರ್ಲಿಕ್ಕೆ ಇಷ್ಟು ಕಷ್ಟ ಯಾಕೆ?" ಹೀಗೇ ಹತ್ತು ವಾರ ನಡೆಯಿತು. ನಿಜ ಹೇಳುತ್ತೇನೆ, ಹೆದರಿಕೆ ಹೋಗಿ ಎಂಟನೆಯ ದಿನಕ್ಕೆ ಕಾಯುವಂತಾಗಿತ್ತು. ಸೊಸೆ ನಾಟಕ ಮಾಡುತ್ತಿದ್ದಾಳೆಂದು ನನಗೆ ಬಲವಾದ ಸಂಶಯ ಬಂದಿತ್ತು. ಪುಟಗಳಲ್ಲಿ ಅಲ್ಲಲ್ಲಿ ಮೀನಿನ ಹುರುಪೆ, ಅರಶಿನದ ಬೆರಳ ಗುರುತು ಇರುತ್ತಿತ್ತು. ತೀರಿಹೋದವರು ಮೀನು ಶುಚಿ ಮಾಡುತ್ತಾ ಓದುವುದಿಲ್ಲ.

ದೀಪಾವಳಿಗೆ ನಾಲ್ಕು ದಿನ ಇತ್ತು. ಟಿಫಿನ್ ಡಬ್ಬದ ಪೆಟ್ಟಿಗೆಗಳು ಬಂದು ಬಾಗಿಲಲ್ಲಿ ಕೂತಿದ್ದವು. ನಾನು ಹಿಂದಿನ ದಿನವಷ್ಟೇ ಕಪಾಟಿನ ಮೇಲಿನ ಸಾಲು ಖಾಲಿ ಮಾಡಿದ್ದೆ. ಸೊಸೆ ಬಂದಳು. ಈ ಸಲ ನಾಲ್ಕನೆಯ ದಿನಕ್ಕೇ ಬಂದಿದ್ದಳು. ಪುಸ್ತಕ ಇಡುತ್ತಾ ಬಾಯಿ ತಪ್ಪಿ ಅಂದುಬಿಟ್ಟಳು:

"ಆ ಅತ್ತಿಗೆಯನ್ನು ಕೊನೆಗೆ ಹಾಗೆ ಸಾಯಿಸಬಾರ್ದಿತ್ತು ಅಕ್ಕ. ನಂಗೆ ಎರಡು ದಿನ ಊಟ ಸೇರ್ಲಿಲ್ಲ."

"ಹಾಗಂತ ತಾಂಡೇಲರು ಹೇಳಿದ್ರಾ?"

ಅವಳು ನಾಲಗೆ ಕಚ್ಚಿಕೊಂಡಳು. ಆಮೇಲೆ ಕಣ್ಣು ತುಂಬಿಕೊಂಡು ಹೇಳಿದಳು: "ನಾನೇ ಓದುವುದು ಅಕ್ಕ. ಹನ್ನೊಂದು ವರ್ಷ ಮಾವನ ಸ್ವರ ಕೇಳ್ತಾ ಕೆಲಸ ಮಾಡಿದವಳು. ಮನೆ ಈಗ ಹೇಗೆ ಆಗಿದೆ ಅಂದ್ರೆ, ಪಾತ್ರೆಯ ಶಬ್ದವೂ ಹೆದರಿಸ್ತದೆ. ಮಧ್ಯಾಹ್ನ ಅವರ ಜಾಗದಲ್ಲಿ ಕೂತು ಗಟ್ಟಿಯಾಗಿ ಓದಿದರೆ ಸ್ವಲ್ಪ ಸಮಾಧಾನ. ಆದ್ರೆ ನಂಗೆ ಪುಸ್ತಕ ಬೇಕು ಅಂದ್ರೆ, ನಿಂಗೆ ಬೇರೆ ಕೆಲಸ ಇಲ್ಲವಾ ಅಂತಾರೆ. ಮಾವನಿಗೆ ಬೇಕು ಅಂದ್ರೆ ಯಾರೂ ಬಾಯಿ ಬಿಡುವುದಿಲ್ಲ."

ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. "ಸಾವಿರ ಸಲ ಬದಲಿಸು, ನಾನು ಕೊಡ್ತೇನೆ" ಎಂದೆ. "ಅಲ್ಲ ಮಾರಾಯ್ತಿ, ಅವರ ಅಕ್ಷರ ಮಾತ್ರ ಎಷ್ಟು ಚೆಂದ ಬರೀತಿ! ನಾನೇ ನಂಬಿಬಿಟ್ಟಿದ್ದೆ."

"ಯಾವ ಅಕ್ಷರ?"

"ಕಾರ್ಡಿನದ್ದು."

ಅವಳು ನನ್ನ ಮುಖವನ್ನೇ ನೋಡಿದಳು. "ಅದು ನೀವು ಬರೆಯುವುದಲ್ಲವಾ? ನನಗೆ ಸಮಾಧಾನ ಆಗ್ಲಿ ಅಂತ ನೀವೇ ಬರೆದು ಓದಿ ಹೇಳುವುದು ಅಂತ ಎಣಿಸಿದ್ದೆ. ನಾನು ಕಾರ್ಡು ಮುಟ್ಟುವುದೇ ಇಲ್ಲ ಅಕ್ಕ. ಪೆನ್ಸಿಲು ಅವರ ಜೊತೆಗೇ ಹೋಯ್ತಲ್ಲ."

ಟ್ಯೂಬ್‌ಲೈಟು ಒಮ್ಮೆ ಮಿಣುಕಿತು. ನಾವಿಬ್ಬರೂ ಒಟ್ಟಿಗೆ ಹಾಜಿಯವರ ಕಡೆ ತಿರುಗಿದೆವು.

"ನನ್ನನ್ನು ನೋಡ್ಬೇಡಿ!" ಹಾಜಿಯವರು ಗೋಡೆಗೆ ಒರಗಿ ನಿಂತಿದ್ದರು. "ನನಗೆ ಕನ್ನಡ ಓದ್ಲಿಕ್ಕೆ ಬರ್ತದೆ, ಬರಿಲಿಕ್ಕೆ ಬರುವುದಿಲ್ಲ. ಅಂಗಡಿಯ ಬೋರ್ಡು ಸಹ ನೀವೇ ಬರೆದುಕೊಟ್ಟದ್ದು!"

ಅವತ್ತಿನ ಪುಸ್ತಕ ಮೇಜಿನ ಮೇಲೆ ಇತ್ತು. ಅದರ ಕಾರ್ಡನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಹೊರಗೆ ಬೋರ್ಡಿನ ಮೇಲೆ ಕಾಗೆ ಒಮ್ಮೆ ಕೂಗಿ ಸುಮ್ಮನಾಯಿತು. ನಾನೇ ತೆಗೆದು, ಗಟ್ಟಿಯಾಗಿಯೇ ಓದಿದೆ.

"ಇವಳು ಬೇಗ ಬೇಗ ಓದಿ ವಾಪಸ್ ತರ್ತಾಳೆ. ನನ್ನದು ಇನ್ನೂ ಮುಗಿಯಲಿಲ್ಲ. ಇದು ಇರಲಿ."

ಹನ್ನೊಂದು ವರ್ಷ ಕಾದ ಮಾತು. ನನಗೆ ಅಳುವೂ ಬಂತು, ನಗುವೂ ಬಂತು, ಟಿಫಿನ್ ಡಬ್ಬದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. "ಹಾಜಿಯವರೇ," ಎಂದೆ, "ಇಟ್ಟುಕೊಂಡ್ರು."

ಹಾಜಿಯವರು ಮುಂದೆ ಬಂದರು. ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಸೊಸೆಯ ಕೈಯಲ್ಲಿಟ್ಟರು. ಆಮೇಲೆ ನನ್ನನ್ನು ಪೆಟ್ಟಿಗೆಯ ಮೇಲಿನಿಂದ ಎಬ್ಬಿಸಿ, ಪೆಟ್ಟಿಗೆಗಳನ್ನು ಒಂದೊಂದಾಗಿ ತಾವೇ ಹೊರಗೆ ಸಾಗಿಸಿದರು, ಕೊಡೆಯನ್ನೂ ಮರೆತು. ಕೊನೆಯ ಪೆಟ್ಟಿಗೆ ಇಟ್ಟು ಬಂದು, ಚಾವಣಿಯ ಮೂಲೆಯನ್ನೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಟೀಚರೇ, ಕಪಾಟು ನಿಮ್ಮದು. ಆದ್ರೆ ಆ ಕಾರ್ಡಿನಲ್ಲಿ ಇನ್ನು ಮೇಲೆ 'ಬದುಕಿರುವವರಿಗೆ ಮಾತ್ರ' ಅಂತ ಒಂದು ಸಾಲು ಸೇರಿಸಿ."